‘ಕೋಲ್ ಮೈನಿನ ಕ್ಯಾನರಿ’ ಅಂದರೆ ಬಲಿಪಶುವಾ, ಎಚ್ಚರಿಕೆ ಗಂಟೆಯಾ? ಕನ್ನಡದಲ್ಲಿ ಏನಂತ ಬರೆಯಲಿ?

ಇಳಕಲ್_ಸೆರಗು:

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್ಲಿನವಳು. ನಮ್ಮೂರ ಕೈಮಗ್ಗದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮ ಓಣಿಯ ಹೆಣ್ಣುಮಕ್ಕಳು ಅದನ್ನು ಓದಬೇಕು ಅನ್ನೋದು ನನ್ನ ಆಸೆ, ಯಾಕಂದರೆ ಬರೆದಿರುವುದು ಅವರ ಬಗ್ಗೆ, ಆದರೆ ಅವರಿಗೇ ಅದು ಓದಲು ಬರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ತೋಪು ತೆನಿ ಸೆರಗು, ಒಡಲು, ದಡಿ, ಇವೆಲ್ಲ ಸೀರೆಯ ಭಾಗಗಳ ಹೆಸರು, ನಾವು ದಿನಾ ಆಡುವ ಮಾತು, ಸಲೀಸಾಗಿ ಬಂದವು. ಒಂದೇ ಒಂದು ಸಾಲಿನಲ್ಲಿ ಸಿಕ್ಕಿಕೊಂಡು ಮೂರು ದಿನ ಆಯಿತು.

ಆ ಸಾಲು ಬರುವ ಜಾಗ ಹೇಳುತ್ತೇನೆ. ಮಗ್ಗದ ಕೆಲಸ ಕಡಿಮೆಯಾಗುತ್ತಾ ಬಂದಾಗ ಮೊದಲು ಪೆಟ್ಟು ಬಿದ್ದದ್ದು ಮನೆಯಲ್ಲಿ ಕೂತು ಕಂಡಿಕೆ (ನೇಯಲು ನೂಲು ಸುತ್ತುವ ಸಣ್ಣ ಕೊಳವೆ) ಸುತ್ತುವ ಹೆಣ್ಣುಮಕ್ಕಳಿಗೆ. ನೇಕಾರರಿಗೆ ಅದು ತಾಗಿದ್ದು ಆಮೇಲೆ. ಅದಾದ ಮೇಲೆ ಅಂಗಡಿಯವರಿಗೆ. ಇಷ್ಟು ಹೇಳಿ ಲೇಖಕರು ಕಂಡಿಕೆ ಸುತ್ತುವವರನ್ನು ‘ಕ್ಯಾನರೀಸ್ ಇನ್ ದ ಕೋಲ್ ಮೈನ್’ ಅಂತ ಕರೆದಿದ್ದಾರೆ.

ಡಿಕ್ಷನರಿಯಲ್ಲಿ ನೋಡಿದರೆ ‘ಅಪಾಯದ ಮುನ್ಸೂಚನೆ’ ಅಂತಿದೆ. ಹಾಗೆ ಬರೆದರೆ ಹೆಣ್ಣುಮಕ್ಕಳು ಮನುಷ್ಯರಾಗಿ ಉಳಿಯುವುದಿಲ್ಲ, ಹವಾಮಾನದ ವರದಿ ಆಗಿಬಿಡುತ್ತಾರೆ. ಗೆಳತಿ ಒಬ್ಬಳು ‘ಬಲಿಪಶುಗಳು’ ಅಂತ ಬರಿ ಅಂದಳು. ಅದೂ ಸರಿ ಅನ್ನಿಸಲಿಲ್ಲ. ಮೊದಲ ಸಲ ನಾನು ‘ಕಲ್ಲಿದ್ದಲು ಗಣಿಯ ಕೋಗಿಲೆಗಳು’ ಅಂತ ಬರೆದಿದ್ದೆ, ಓದಿದವರಿಗೆ ಏನೂ ತಿಳಿಯಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಮಾತನ್ನು ಇಂಗ್ಲಿಷಿನವರು ಸರಿಯಾಗಿ ಎಲ್ಲಿ ಬಳಸುತ್ತಾರೆ, ಎಲ್ಲಿ ಬಳಸಿದರೆ ತಪ್ಪು? ಹಕ್ಕಿಗೂ ಗಣಿಗೂ ಏನು ಸಂಬಂಧ? ನಮ್ಮ ಕಡೆ ಇದೇ ಅರ್ಥ ಕೊಡುವ ಮಾತು ಇದೆಯಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಗುಮ್ಮಟದ_ನೆರಳು:

ತಂಗಿ, ಒಳ್ಳೆಯ ಕೆಲಸ ಹಿಡಿದಿದ್ದೀರಿ. ನಾನು ವಿಜಯಪುರದ ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನು. ಹಾಗಾಗಿ ಮೊದಲು ಹಕ್ಕಿಯ ವಿಷಯ ಹೇಳುತ್ತೇನೆ. ಹಕ್ಕಿಗೆ ಏನಾಗುತ್ತಿತ್ತು ಅನ್ನೋದು ತಿಳಿದರೆ ಮಾತಿನ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕ್ಯಾನರಿ ಅಂದರೆ ಗುಬ್ಬಿಯಷ್ಟು ಗಾತ್ರದ, ಹಳದಿ ಬಣ್ಣದ, ಚೆನ್ನಾಗಿ ಹಾಡುವ ಹಕ್ಕಿ. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಕಡೆಯದು, ಅದಕ್ಕೇ ಆ ಹೆಸರು. ಯುರೋಪಿನವರು ಇದನ್ನು ಮನೆಯಲ್ಲಿ ಪಂಜರದಲ್ಲಿ ಸಾಕುತ್ತಿದ್ದರು. ಕೋಗಿಲೆಗೂ ಇದಕ್ಕೂ ನಂಟಿಲ್ಲ. ನಮ್ಮಲ್ಲಿ ಇದಕ್ಕೆ ಬೇರೆ ಹೆಸರಿಲ್ಲ, ಕ್ಯಾನರಿ ಅಂತಲೇ ಬರೆಯಿರಿ.

ಈಗ ಗಣಿ. ಕಲ್ಲಿದ್ದಲು ಗಣಿಯಲ್ಲಿ ಬೆಂಕಿ ಬಿದ್ದರೆ ಅಥವಾ ಸ್ಫೋಟವಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ಮನುಷ್ಯನಿಗೆ ತಲೆ ನೋಯುತ್ತದೆ, ಜೋಂಪು ಬಂದ ಹಾಗೆ ಆಗುತ್ತದೆ, ಸ್ವಲ್ಪ ಕೂರೋಣ ಅನ್ನಿಸುತ್ತದೆ. ಕೂತವನು ಏಳುವುದಿಲ್ಲ.

ಇದನ್ನು ಜಗತ್ತಿಗೆ ಸರಿಯಾಗಿ ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಗಣಿ ಸ್ಫೋಟದಲ್ಲಿ ಸತ್ತವರನ್ನು ಪರೀಕ್ಷೆ ಮಾಡಿ, ಬಹಳ ಮಂದಿ ಸತ್ತದ್ದು ಸ್ಫೋಟದ ಹೊಡೆತಕ್ಕಲ್ಲ, ಅದಾದ ಮೇಲೆ ಹಬ್ಬಿದ ಈ ಅನಿಲಕ್ಕೆ ಅಂತ 1896ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟರು. ಅದಕ್ಕೂ ಮೊದಲು ತಾವೇ ಆ ಅನಿಲವನ್ನು ಉಸಿರಾಡಿ, ತಮಗೆ ಏನೇನು ಆಗುತ್ತದೆ ಅಂತ ಬರೆದಿಟ್ಟುಕೊಂಡಿದ್ದರು. ಪಾಠ ಮಾಡುವಾಗ ಈ ಸಂಗತಿ ಬಂದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತಿತ್ತು. ಸಣ್ಣ ಜೀವಿಗಳನ್ನು, ಇಲಿ ಅಥವಾ ಹಕ್ಕಿಯನ್ನು, ಜೊತೆಗೆ ಒಯ್ಯಿರಿ ಅಂತ ಸಲಹೆ ಕೊಟ್ಟವರೂ ಅವರೇ.

ಹಕ್ಕಿಯೇ ಯಾಕೆ? ಹಕ್ಕಿಯ ಮೈ ಸಣ್ಣದು, ಉಸಿರಾಟ ಬಹಳ ಬಿರುಸು. ಅದರ ಮೈಯಲ್ಲಿ ಗಾಳಿಯ ಚೀಲಗಳಿವೆ. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಸಿಗುತ್ತಲೇ ಇರುತ್ತದೆ. ಹಾರಲು ಅಷ್ಟು ಆಮ್ಲಜನಕ ಬೇಕಲ್ವಾ. ಅದೇ ಕಾರಣಕ್ಕೆ ಗಾಳಿ ಕೆಟ್ಟಿದ್ದರೆ ವಿಷವೂ ಅಷ್ಟೇ ಬೇಗ ಹತ್ತುತ್ತದೆ. ಮನುಷ್ಯನಿಗೆ ಇನ್ನೂ ಏನೂ ಅನ್ನಿಸದ ಹೊತ್ತಿನಲ್ಲಿ ಹಕ್ಕಿ ತೂಗಾಡಿ ಕೋಲಿನಿಂದ ಕೆಳಗೆ ಬೀಳುತ್ತದೆ. ಅದನ್ನು ನೋಡಿದ ಕೂಡಲೇ ಎಲ್ಲರೂ ಹೊರಗೆ ಓಡಬೇಕು. ಬ್ರಿಟನ್ನಿನ ಗಣಿಗಳಲ್ಲಿ 1911ರಿಂದ ಇದು ಪದ್ಧತಿಯಾಯಿತು. 1986ರಲ್ಲಿ ಎಲೆಕ್ಟ್ರಾನಿಕ್ ಯಂತ್ರ ತಂದು ಹಕ್ಕಿಗಳನ್ನು ಬಿಡಿಸುವ ತೀರ್ಮಾನವಾದಾಗ ಇನ್ನೂ 200ಕ್ಕೂ ಹೆಚ್ಚು ಹಕ್ಕಿಗಳು ಕೆಲಸದಲ್ಲಿದ್ದವು. ಗಣಿಯವರು ಅವುಗಳನ್ನು ಬಹಳ ಹಚ್ಚಿಕೊಂಡಿದ್ದರು. ಕೆಲಸದ ನಡುವೆ ಸಿಳ್ಳೆ ಹಾಕಿ ಮಾತಾಡಿಸುತ್ತಿದ್ದರು.

ಇನ್ನೊಂದು ಸಂಗತಿ ನಿಮಗೆ ಬೇಕೇ ಬೇಕು. ಕೆಲವು ಪಂಜರಗಳ ಮೇಲೆ ಸಣ್ಣ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು. ಹಕ್ಕಿ ಬಿದ್ದ ತಕ್ಷಣ ಪಂಜರದ ಬಾಗಿಲು ಮುಚ್ಚಿ ಸಿಲಿಂಡರಿನ ಕೀಲಿ ತಿರುಗಿಸಿದರೆ ಒಳಗೆ ಒಳ್ಳೆಯ ಗಾಳಿ ತುಂಬಿ ಹಕ್ಕಿ ಎದ್ದು ಕೂರುತ್ತಿತ್ತು. ಅಂಥ ಒಂದು ಪಂಜರ ಮ್ಯಾಂಚೆಸ್ಟರಿನ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಹಕ್ಕಿಯನ್ನು ಕೊಲ್ಲಲಿಕ್ಕೆ ಒಯ್ಯುತ್ತಿರಲಿಲ್ಲ. ಅದಕ್ಕೇ ‘ಬಲಿಪಶು’ ಅನ್ನೋದು ಇಲ್ಲಿ ಕೂರುವುದಿಲ್ಲ. ಬಲಿಪಶು ಅಂದರೆ ಬೇರೆಯವರ ತಪ್ಪನ್ನು ತಲೆಯ ಮೇಲೆ ಹೊತ್ತವನು. ಅವನು ಹೋದರೆ ಉಳಿದವರು ಪಾರು. ಕ್ಯಾನರಿ ಬಿದ್ದರೆ ಉಳಿದವರು ಪಾರಾಗಿಲ್ಲ, ಅವರ ಸರದಿ ಈಗ ಬರಲಿದೆ. ಪೂರಾ ಉಲ್ಟಾ.

ಈ ಮಾತು ಸರಿಯಾಗಿ ಬಿತ್ತಾ ಇಲ್ಲವಾ ಅಂತ ನೋಡಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಬ್ಬರೂ ಒಂದೇ ಗಾಳಿ ಉಸಿರಾಡುತ್ತಿದ್ದಾರಾ? ಮೊದಲು ಬೀಳುವವನು ಮೆತ್ತಗಿನವನು, ಆಮೇಲೆ ಬೀಳುವವರು ಗಟ್ಟಿಗರು, ಆದರೆ ಇಬ್ಬರೂ ಇರುವುದು ಅದೇ ಗಣಿಯೊಳಗೆ. ಹಾಗಿದ್ದರೆ ಮಾತು ಸರಿ. ನಿಮ್ಮ ಬರಹದಲ್ಲಿ ಕಂಡಿಕೆ ಸುತ್ತುವವರಿಗೂ ನೇಕಾರರಿಗೂ ಅಂಗಡಿಯವರಿಗೂ ಗಾಳಿ ಒಂದೇ, ಅದು ಸೀರೆಯ ಬೇಡಿಕೆ. ಲೇಖಕರು ಸರಿಯಾಗಿಯೇ ಬಳಸಿದ್ದಾರೆ.

ಕಿತ್ತೂರು_ಕಡೆಯವ:

ಇಷ್ಟೆಲ್ಲ ಯಾಕ್ರೀ ಅಕ್ಕಾ, ‘ಎಚ್ಚರಿಕೆ ಗಂಟೆ’ ಅಂತ ಬರೆದುಬಿಡಿ. ಪೇಪರಿನಲ್ಲಿ ದಿನಾ ಬರುತ್ತದೆ, ಎಲ್ಲರಿಗೂ ತಿಳಿಯುತ್ತದೆ. ‘ಕಂಡಿಕೆ ಸುತ್ತುವವರ ಕಷ್ಟ ಇಡೀ ಉದ್ಯಮಕ್ಕೆ ಎಚ್ಚರಿಕೆಯ ಗಂಟೆಯಾಗಿತ್ತು.’ ಸುಲಭವಾಗಿ ಓದಿಸಿಕೊಂಡು ಹೋಗುತ್ತದೆ. ನುಡಿಗಟ್ಟು ಅನುವಾದ ಮಾಡುವಾಗ ಅರ್ಥ ಬಂದರೆ ಸಾಕು, ಹಕ್ಕಿಯನ್ನೂ ಹೊತ್ತು ತರಬೇಕು ಅಂತೇನಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಳಕಲ್_ಸೆರಗು:

ಸರ್, ತುಂಬಾ ಉಪಕಾರ ಆಯಿತು. ‘ಒಂದೇ ಗಾಳಿ’ ಅನ್ನೋ ಮಾತು ಓದಿದ ಮೇಲೆ ನನಗೆ ಇಡೀ ಬರಹ ಬೇರೆ ಥರ ಕಾಣಿಸುತ್ತಿದೆ.

ಕಿತ್ತೂರಿನ ಅಣ್ಣಾ, ನೀವು ಹೇಳಿದ್ದನ್ನು ಮೊದಲೇ ಬರೆದು ನೋಡಿದ್ದೆ. ಓದಲು ಸುಲಭ, ನಿಜ. ಆದರೆ ಗಂಟೆಗೆ ನೋವಾಗುವುದಿಲ್ಲ. ಗಂಟೆಯನ್ನು ಯಾರೋ ಬಾರಿಸುತ್ತಾರೆ, ಬಾರಿಸಿದವನು ಆರಾಮಾಗಿ ಇರುತ್ತಾನೆ. ಇಲ್ಲಿ ಹೆಣ್ಣುಮಕ್ಕಳು ಯಾರನ್ನೂ ಎಚ್ಚರಿಸಲು ಹೋಗಿರಲಿಲ್ಲ. ವಾರಕ್ಕೆ ಬರುತ್ತಿದ್ದ ದುಡ್ಡು ನಿಂತುಹೋಯಿತು, ಅಷ್ಟೇ. ನೋಡುವವರು ನೋಡಿದ್ದರೆ ಅದೇ ಎಚ್ಚರಿಕೆ ಆಗುತ್ತಿತ್ತು. ಯಾರೂ ನೋಡಲಿಲ್ಲ. ಈ ನೋವು ವಾಕ್ಯದಲ್ಲಿ ಉಳಿಯಬೇಕು, ಅದಕ್ಕಾಗಿಯೇ ನಾನು ಇಷ್ಟು ಒದ್ದಾಡುತ್ತಿರುವುದು.

ಜೋಳದ_ತೆನೆ:

ಅಕ್ಕಾ, ನಮ್ಮ ಕಡೆ ಇದಕ್ಕೆ ಮಾತು ಇದೆಯಾ ಅಂತ ಕೇಳಿದಿರಲ್ಲ, ಗಾದೆ ನನಗೆ ಗೊತ್ತಿಲ್ಲ, ಆದರೆ ಅದೇ ಕೆಲಸ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ನಮ್ಮೂರು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ನಮ್ಮ ಹಳೆಯ ಮನೆಯ ಮುಂದೆ ಹಗೇವು ಇತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ತಳಕ್ಕೂ ಪಕ್ಕಕ್ಕೂ ಒಣ ಹುಲ್ಲು, ಹೊಟ್ಟು ಹಾಕಿ ಜೋಳ ತುಂಬುತ್ತಿದ್ದರು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಹುಳ ಹಿಡಿಯುತ್ತಿರಲಿಲ್ಲ, ವರ್ಷಗಟ್ಟಲೆ ಕಾಳು ಹಾಗೇ ಇರುತ್ತಿತ್ತು. ಬರಗಾಲದಲ್ಲಿ ಊರನ್ನು ಉಳಿಸಿದ್ದು ಹಗೇವು ಅಂತ ನಮ್ಮ ಮುತ್ಯಾ ಹೇಳುತ್ತಿದ್ದರು.

ಅದರ ಬಾಯಿ ತೆಗೆಯುವ ದಿನ ಮನೆಯಲ್ಲಿ ಎಲ್ಲರಿಗೂ ಒಂದು ಥರ ಅಂಜಿಕೆ. ಕಲ್ಲು ಸರಿಸಿದ ಮೇಲೆ ಯಾರೂ ಇಳಿಯುತ್ತಿರಲಿಲ್ಲ. ಹೊತ್ತುಗಟ್ಟಲೆ ಹಾಗೇ ಬಿಡುತ್ತಿದ್ದರು. ಕಂಬಳಿಗೆ ಹಗ್ಗ ಕಟ್ಟಿ ಒಳಗೆ ಇಳಿಸಿ ಮೇಲೆ ಕೆಳಗೆ ಆಡಿಸುತ್ತಿದ್ದರು, ಒಳಗಿನ ಗಾಳಿ ಹೊರಗೆ ಬರಲಿ ಅಂತ. ಆಮೇಲೆ ಕಂದೀಲು. ಹಚ್ಚಿದ ಕಂದೀಲನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುವುದು, ಸುತ್ತ ನಿಂತವರೆಲ್ಲ ಬಗ್ಗಿ ನೋಡುವುದು. ಒಂದು ಸಲ ಅರ್ಧಕ್ಕೆ ಹೋಗುತ್ತಲೇ ಕಂದೀಲು ಕೆಂಪಗಾಗಿ ಕುಗ್ಗಿ ಪಟ್ಟನೆ ಆರಿಹೋಯಿತು. ನಾನು ಆಗ ಐದನೇ ಇಯತ್ತೆ ಇರಬೇಕು. ಮುತ್ಯಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದು ಅಂದಿದ್ದು ಇನ್ನೂ ಕಿವಿಯಲ್ಲಿದೆ: ‘ದೀಪಾ ಎಲ್ಲಿ ಆರತೈತೋ ಅಲ್ಲಿಂದ ಕೆಳಗ ನಂದಲ್ಲ, ನಿಂದಲ್ಲ.’ ಅವತ್ತು ಯಾರೂ ಇಳಿಯಲಿಲ್ಲ. ಮರುದಿನ ಮತ್ತೆ ಕಂಬಳಿ ಆಡಿಸಿ, ಕಂದೀಲು ತಳದಲ್ಲಿ ನಿಂತು ಉರಿದ ಮೇಲೆಯೇ ಕಾಕಾ ಇಳಿದರು, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.

ಮುತ್ಯಾಗೆ ವಿಜ್ಞಾನ ಗೊತ್ತಿರಲಿಲ್ಲ. ಕಾಳಿಗೂ ಜೀವ ಇದೆ, ಅದೂ ಒಳಗೆ ಕೂತು ಉಸಿರಾಡಿ ಗಾಳಿ ತಿಂದು ಹಾಕುತ್ತದೆ ಅನ್ನುತ್ತಿದ್ದರು. ಆಮೇಲೆ ಕಾಲೇಜಿನಲ್ಲಿ ಓದಿದಾಗ ಅದು ಅಕ್ಷರಶಃ ನಿಜ ಅಂತ ತಿಳಿಯಿತು.

ನೀವು ‘ಹಗೇವಿಗೆ ಇಳಿಸಿದ ಕಂದೀಲು’ ಅಂತ ಬರೆದರೆ ನಮ್ಮ ಕಡೆಯ ಹಿರಿಯರಿಗೆ ವಿವರಣೆಯೇ ಬೇಡ. ಒಂದೇ ಗಾಳಿ, ದೀಪ ಮೊದಲು, ಮನುಷ್ಯ ಆಮೇಲೆ.

ಬೆಳಗಾವಿ_ಮಳೆ:

ಜೋಳದ ತೆನೆ ಅವರ ಬರಹ ಓದಿ ಕಣ್ಣು ತೇವವಾಯಿತು, ನಮ್ಮ ಆಯಿಯ ಮನೆಯಲ್ಲೂ ಹಗೇವು ಇತ್ತು. ಆದರೆ ನನ್ನ ಕೆಲಸ ಕಾರ್ಖಾನೆಗಳಲ್ಲಿ ಸುರಕ್ಷತೆ ನೋಡುವುದು. ಒಂದು ವಿಷಯ ಹೇಳದೇ ಹೋದರೆ ತಪ್ಪಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಕಂದೀಲು ಮತ್ತು ಕ್ಯಾನರಿ ಎರಡೂ ಒಂದೇ ಅಲ್ಲ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಭಾಗ ಇರುತ್ತದೆ. ಅದು 16–17ರ ಹತ್ತಿರಕ್ಕೆ ಇಳಿದರೆ ದೀಪ ಆರುತ್ತದೆ. ಹಗೇವಿನಲ್ಲಿ ಕಾಳು ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ಬಿಟ್ಟಿರುತ್ತದೆ, ಅದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಅಲ್ಲಿ ಕಂದೀಲು ನಿಜ ಹೇಳುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್ ಇದ್ದಾಗ ದೀಪ ಆರುವುದಿಲ್ಲ. ಗಾಳಿಯ ನೂರು ಭಾಗದಲ್ಲಿ ಒಂದು ಭಾಗದ ಅರ್ಧಕ್ಕಿಂತ ಕಡಿಮೆ ಇದ್ದರೂ ಅದು ಮನುಷ್ಯನನ್ನು ಕೊಲ್ಲುತ್ತದೆ, ದೀಪ ಮಾತ್ರ ಆರಾಮಾಗಿ ಉರಿಯುತ್ತಲೇ ಇರುತ್ತದೆ. ಗಣಿಯವರಿಗೆ ದೀಪ ಇದ್ದೂ ಹಕ್ಕಿ ಬೇಕಾಗಿದ್ದು ಇದೇ ಕಾರಣಕ್ಕೆ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಹಗೇವಿನ ಈ ನೆನಪು ಇಟ್ಟುಕೊಂಡು ಯಾರೂ ಗೋಬರ್ ಗ್ಯಾಸ್ ಗುಂಡಿಗೆ, ಶೌಚಗುಂಡಿಗೆ, ಒಳಚರಂಡಿಯ ಮ್ಯಾನ್‌ಹೋಲಿಗೆ ದೀಪ ಇಳಿಸಬೇಡಿ. ಅಲ್ಲಿ ಮೀಥೇನ್ ಇರುತ್ತದೆ, ಬೆಂಕಿ ತಗುಲಿದರೆ ಸಿಡಿಯುತ್ತದೆ. ಇಂಗ್ಲೆಂಡಿನ ಗಣಿಗಳಲ್ಲಿ ಬರೀ ದೀಪದಿಂದ ಎಷ್ಟೋ ಸ್ಫೋಟಗಳಾದ ಮೇಲೆಯೇ ವಿಜ್ಞಾನಿ ಹಂಫ್ರಿ ಡೇವಿ 1815ರಲ್ಲಿ ಸುತ್ತ ತಂತಿಯ ಬಲೆ ಇರುವ ದೀಪ ಮಾಡಿದ್ದು. ಇಂಥ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅನಿಲ ಜಾಸ್ತಿಯಾದರೆ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಅಂತ ಇಳಿದವರು ಹೊರಗೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ಇದಕ್ಕೆ ಅನಿಲ ಅಳೆಯುವ ಮೀಟರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಇನ್ನು ಬೆಳಗಾವಿಯ ಚಳಿಯಲ್ಲಿ ಶೆಗಡಿಯಲ್ಲಿ ಇದ್ದಿಲು ಹಾಕಿ, ಬಾಗಿಲು ಕಿಟಕಿ ಮುಚ್ಚಿ ಮಲಗುವವರು ಇನ್ನೂ ಇದ್ದಾರೆ. ಆ ಕೋಣೆಯೂ ಕಲ್ಲಿದ್ದಲು ಗಣಿಯೇ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇಟ್ಟು ಕಿಟಕಿ ಮುಚ್ಚಿಕೊಳ್ಳುವುದೂ ಅದೇ. ಒಂದು ವರ್ಷ ನಮ್ಮ ಮನೆಯಲ್ಲೇ ಶೆಗಡಿ ಇಟ್ಟಿದ್ದಾಗ ಮೊದಲು ತೊಟ್ಟಿಲ ಕೂಸು ವಾಂತಿ ಮಾಡಿತು. ಅಜೀರ್ಣ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ನನ್ನ ತಂಗಿಗೆ ತಲೆನೋವು. ಆಗ ಹೊಳೆಯಿತು, ಬಾಗಿಲು ತೆಗೆದು ಎಲ್ಲರೂ ಅಂಗಳಕ್ಕೆ ಬಂದೆವು. ಕೂಸು ಚೆನ್ನಾಗಿದೆ, ಈಗ ಕಾಲೇಜಿಗೆ ಹೋಗುತ್ತಾಳೆ. ಆದರೆ ಈ ಇಂಗ್ಲಿಷ್ ಮಾತು ಕೇಳಿದಾಗಲೆಲ್ಲ ನನಗೆ ಆ ತೊಟ್ಟಿಲು ನೆನಪಾಗುತ್ತದೆ.

ಪುಣೆ_ಬಸ್:

ಬಾಗಲಕೋಟೆಯವನು, ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮಲ್ಲಿ ಈ ಪದ ದಿನಾ ಬಾಯಲ್ಲಿರುತ್ತದೆ. ಹೊಸ ಆವೃತ್ತಿಯನ್ನು ಒಮ್ಮೆಗೇ ಎಲ್ಲರಿಗೂ ಬಿಡದೆ, ಮೊದಲು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಕೊಟ್ಟು, ತೊಂದರೆ ಬಂದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅದಕ್ಕೆ ‘ಕ್ಯಾನರಿ ರಿಲೀಸ್’ ಅನ್ನುತ್ತಾರೆ. ಗೂಗಲ್ಲಿನ ‘ಕ್ರೋಮ್ ಕ್ಯಾನರಿ’ ಅನ್ನೋ ಹೆಸರೂ ಇದರಿಂದಲೇ ಬಂದಿದ್ದು. ಎಷ್ಟೋ ವರ್ಷ ಈ ಪದ ಆಡಿದ್ದೇನೆ, ಹಕ್ಕಿ ಯಾಕೆ ಅಂತ ಇವತ್ತು ತಿಳಿಯಿತು.

ಆದರೆ ಅಕ್ಕಾ, ಈ ಬಳಕೆಯನ್ನು ನಿಮ್ಮ ಬರಹಕ್ಕೆ ತರಬೇಡಿ. ನಾವು ಬೇಕಂತಲೇ ಆರಿಸಿ ಮುಂದೆ ಕಳಿಸುತ್ತೇವೆ. ಅದು ಪ್ರಯೋಗಕ್ಕೆ ಹತ್ತಿರ. ನಿಮ್ಮ ಓಣಿಯ ಹೆಣ್ಣುಮಕ್ಕಳನ್ನು ಯಾರೂ ಪರೀಕ್ಷೆ ಮಾಡಲು ಮುಂದೆ ನಿಲ್ಲಿಸಿರಲಿಲ್ಲ.

ತಿಕೋಟಾ_ದ್ರಾಕ್ಷಿ:

ನಾನು ದ್ರಾಕ್ಷಿ ಬೆಳೆಯುವವನು, ಭಾಷೆಯ ಪಂಡಿತನಲ್ಲ. ಆದರೂ ಗುಮ್ಮಟದ ಸರ್ ಹೇಳಿದ ‘ಒಂದೇ ಗಾಳಿ’ ಮಾತಿಗೆ ತೋಟದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಮ್ಮ ತೋಟದಲ್ಲಿ ಕೆಳಗಿನ ಮೂಲೆಗೆ ಒಂದು ತಗ್ಗಿನ ಸಾಲು ಇದೆ. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಿ, ಚಿಗುರು ಬರುವ ಹೊತ್ತಿಗೆ ಮೋಡ ಮುಚ್ಚಿ ಇಬ್ಬನಿ ಬಿದ್ದರೆ, ಎಲ್ಲ ಸಾಲು ಒಣಗಿದ ಮೇಲೂ ಅಲ್ಲಿ ಎಲೆ ತೇವ ಇರುತ್ತದೆ. ಡೌನಿ ರೋಗದ ಎಣ್ಣೆ ಬಿದ್ದಂಥ ಚುಕ್ಕೆ ಮೊದಲು ಕಾಣುವುದು ಅಲ್ಲೇ. ದಿನಾ ಬೆಳಿಗ್ಗೆ ನಾನು ಮೊದಲು ಆ ಸಾಲಿಗೇ ಹೋಗುತ್ತೇನೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಸಾಲಿನ ತುದಿಗೆ ಗುಲಾಬಿ ಹಚ್ಚುವ ರೂಢಿ ಇದೆ, ಬೂದಿ ರೋಗ ಗುಲಾಬಿಗೆ ಮೊದಲು ಕಾಣುತ್ತದೆ ಅನ್ನೋ ಲೆಕ್ಕದಲ್ಲಿ. ಅದೂ ಇದೇ ವಿಚಾರ.

ಆದರೆ ಒಂದು ಸಾಲಿಗೆ ನೀರಿನ ಪೈಪ್ ಒಡೆದು ಬಳ್ಳಿ ಒಣಗಿತು ಅಂದುಕೊಳ್ಳಿ, ಅದು ಕ್ಯಾನರಿ ಅಲ್ಲ. ಆ ತೊಂದರೆ ಆ ಸಾಲಿಗೆ ಮಾತ್ರ. ಉಳಿದ ಸಾಲಿಗೆ ಅದು ಏನೂ ಹೇಳುವುದಿಲ್ಲ. ಈಗೀಗ ಯಾರಿಗೆ ಏನು ಕೆಟ್ಟದ್ದಾದರೂ ಈ ಮಾತು ಹಚ್ಚುವುದನ್ನು ಇಂಗ್ಲಿಷ್ ಪೇಪರಿನಲ್ಲಿ ನೋಡುತ್ತೇನೆ, ಅದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ಇದನ್ನು ಶಕುನದ ಜೊತೆಗೂ ಸೇರಿಸಬಾರದು. ಬುಡಬುಡಿಕೆಯವರು ‘ಹಾಲಕ್ಕಿ ನುಡಿತೈತಿ’ ಅಂತ ಹೇಳುವಾಗ ಹಕ್ಕಿ ಮುಂದೆ ಆಗುವುದನ್ನು ಹೇಳುತ್ತದೆ. ಕ್ಯಾನರಿ ಮುಂದಿನದನ್ನು ಹೇಳುವುದಿಲ್ಲ. ಈಗಾಗಲೇ ಆಗುತ್ತಿರುವುದು ಅದಕ್ಕೆ ಮೊದಲು ತಾಗುತ್ತದೆ, ಅಷ್ಟೇ.

ಇಳಕಲ್_ಸೆರಗು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಬೆಳಗಾವಿಯವರು ಬರೆದ ಶೆಗಡಿಯ ಮಾತನ್ನು ನಮ್ಮ ಓಣಿಯ ವಾಟ್ಸ್ಆಪ್ ಗ್ರೂಪಿಗೂ ಹಾಕಿದ್ದೇನೆ.

ನಿನ್ನೆ ರಾತ್ರಿ ಎರಡೂ ಥರ ಬರೆದು ಅವ್ವನಿಗೆ ಓದಿ ಹೇಳಿದೆ. ಇಲ್ಲಿ ಮೊದಲೇ ಹೇಳಿರಲಿಲ್ಲ, ನಮ್ಮವ್ವ ಕಂಡಿಕೆ ಸುತ್ತುತ್ತಿದ್ದವಳು. ನಾನು ಓದಿದ್ದು, ಈಗ ಇಲ್ಲಿ ಕೂತು ಬರೆಯುತ್ತಿರುವುದು ಆ ರಾಟೆಯ ದುಡ್ಡಿನಿಂದ. ಕಂದೀಲಿನ ಸಾಲು ಓದಿದಾಗ ಅವ್ವ ತಕ್ಷಣ ತಲೆ ಆಡಿಸಿದಳು, ಹಗೇವು ಅವಳಿಗೆ ಗೊತ್ತು. ಹಕ್ಕಿಯ ಸಾಲು ಓದಿ, ಸರ್ ಹೇಳಿದ ಕಥೆ ಪೂರ್ತಿ ಹೇಳಿದೆ. ಆಮ್ಲಜನಕದ ಸಿಲಿಂಡರಿನ ಮಾತು ಬಂದಾಗ ಅವ್ವ ಕೇಳಿದಳು, ‘ಹಕ್ಕಿ ಬಿದ್ದಾಗ ಅವರು ಅದನ್ನ ಎಬ್ಬಸ್ತಿದ್ರನು?’ ಹೌದು ಅಂದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಂಗಾರ ಹಕ್ಕಿನs ಇಡು’ ಅಂದಳು.

ಅದಕ್ಕೆ ಹಕ್ಕಿಯನ್ನೇ ಇಟ್ಟಿದ್ದೇನೆ, ಕಂದೀಲನ್ನು ಪಕ್ಕದಲ್ಲಿ ಹಚ್ಚಿದ್ದೇನೆ. ಈಗ ಸಾಲು ಹೀಗಿದೆ:

‘ಹಿಂದೆ ಕಲ್ಲಿದ್ದಲು ಗಣಿಗೆ ಇಳಿಯುವವರು ಪಂಜರದಲ್ಲಿ ಕ್ಯಾನರಿ ಅನ್ನುವ ಸಣ್ಣ ಹಕ್ಕಿಯನ್ನು ಒಯ್ಯುತ್ತಿದ್ದರು, ನಾವು ಹಗೇವಿಗೆ ಕಂದೀಲು ಇಳಿಸುತ್ತಿದ್ದ ಹಾಗೆ. ಕೆಟ್ಟ ಗಾಳಿ ಮೊದಲು ತಾಗುತ್ತಿದ್ದುದು ಆ ಹಕ್ಕಿಗೆ. ಇಳಕಲ್ಲಿನಲ್ಲಿ ಮೊದಲು ತಾಗಿದ್ದು ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೆ.’

ಮೂಲದಲ್ಲಿ ಒಂದೇ ಸಾಲು, ನನ್ನದು ಮೂರು ಸಾಲು ಆಯಿತು. ಇದು ಜಾಸ್ತಿ ಆಯಿತಾ? ಅನುವಾದದಲ್ಲಿ ಇಷ್ಟು ಸೇರಿಸಬಹುದಾ?

ಗುಮ್ಮಟದ_ನೆರಳು:

ಧಾರಾಳವಾಗಿ ಸೇರಿಸಬಹುದು. ಇಂಗ್ಲಿಷ್ ಓದುಗರಿಗೆ ಹಕ್ಕಿಯ ಕಥೆ ಮೊದಲೇ ಗೊತ್ತಿರುತ್ತದೆ, ಆ ಲೇಖಕರಿಗೆ ಒಂದು ಸಾಲು ಸಾಕಾಯಿತು. ನಮ್ಮವರಿಗೆ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ನಮ್ಮ ಜಿಲ್ಲೆಯ ಕೂಡಗಿಯ ವಿದ್ಯುತ್ ಕೇಂದ್ರಕ್ಕೂ ಕಲ್ಲಿದ್ದಲು ಹೊರಗಿನಿಂದ ರೈಲಿನಲ್ಲಿ ಬರಬೇಕು. ಒಂದೇ ಒಂದು ಸಲಹೆ. ‘ತಾಗುತ್ತಿದ್ದುದು ಆ ಹಕ್ಕಿಗೆ’ ಆದ ಮೇಲೆ ‘ಹಕ್ಕಿ ಬಿದ್ದರೆ ಎಲ್ಲರೂ ಹೊರಗೆ ಓಡುತ್ತಿದ್ದರು’ ಅಂತ ಸೇರಿಸಿ. ಆ ತುಂಡು ಇಲ್ಲದಿದ್ದರೆ ಹಕ್ಕಿಯನ್ನು ಯಾಕೆ ಒಯ್ಯುತ್ತಿದ್ದರು ಅನ್ನೋದು ಹೊಸಬರಿಗೆ ತಿಳಿಯುವುದಿಲ್ಲ.

ಕಿತ್ತೂರು_ಕಡೆಯವ:

ಅಕ್ಕಾ, ಗಂಟೆ ಸಾಕು ಅಂದಿದ್ದೆ, ಈಗ ಆ ಮಾತು ಹಿಂದಕ್ಕೆ ತಗೊಂಡೆ. ಹಗೇವು ಬೆಂಗಳೂರು ಮೈಸೂರು ಕಡೆಯವರಿಗೆ ತಿಳಿಯುತ್ತದಾ? ಅವರೂ ಓದಬಹುದಲ್ವಾ.

ಇಳಕಲ್_ಸೆರಗು:

ಸರ್, ಆ ತುಂಡು ಈಗಲೇ ಸೇರಿಸಿದೆ. ಅಣ್ಣಾ, ‘ನೆಲದೊಳಗಿನ ಜೋಳದ ಹಗೇವು’ ಅಂತ ಮಾಡಿದ್ದೇನೆ, ಅಷ್ಟು ಸಾಕು ಅನ್ನಿಸುತ್ತದೆ. ಬರಹ ಪೂರ್ತಿಯಾದ ಮೇಲೆ ಮೊದಲು ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಬೇಕು ಅಂತಿದ್ದೇನೆ. ಅವರು ಏನಾದರೂ ತಿದ್ದಿದರೆ ಅದನ್ನೂ ಇಲ್ಲಿ ಹಾಕುತ್ತೇನೆ.